ಒಂದೇ ಅಡುಗೆಮನೆ, ಎರಡು ತೂಕ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಗದಗದ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಎತ್ತರ 154 ಸೆಂ.ಮೀ., ತೂಕ 71 ಕೆ.ಜಿ. 24ಕ್ಕೆ ಮದುವೆಯಾಗಿ ಬಂದಾಗ 52 ಇದ್ದೆ. ನಮ್ಮದು ಕೂಡು ಕುಟುಂಬ, ಮನೆಯಲ್ಲಿ ಏಳು ಮಂದಿ. ನನ್ನ ನೆಗೆಣ್ಣಿಗೆ 38, ನನ್ನಷ್ಟೇ ಎತ್ತರ, ತೂಕ ಬರೀ 50. ಅವಳು ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಕೊಡ್ತಾಳೆ. ಇಬ್ಬರದೂ ಒಂದೇ ಅಡುಗೆ. ಅವಳಿಗೂ ಎರಡು ರೊಟ್ಟಿ, ನನಗೂ ಎರಡು ರೊಟ್ಟಿ. ಮೇಲೆ ಅವಳು ಶೇಂಗಾ ಉಂಡಿ ತಿಂದರೂ ಮೈಗೆ ಹತ್ತಲ್ಲ. ನಾನು ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಭೀಷ್ಮ ಕೆರೆ ಹತ್ರ 40 ನಿಮಿಷ ವಾಕಿಂಗ್ ಮಾಡ್ತಿದ್ದೀನಿ. ಜೀರಿಗೆ ನೀರು, ಜೇನು-ಲಿಂಬೆ ಎಲ್ಲಾ ಆಯ್ತು. ರಾತ್ರಿ ರೊಟ್ಟಿ ಬಿಟ್ಟು ಚಪಾತಿಗೆ ಬಂದೆ. ಇಳಿದದ್ದು ಒಂದೇ ಕೆ.ಜಿ. ಥೈರಾಯ್ಡ್ ನಾರ್ಮಲ್, ಟಿಎಸ್‌ಎಚ್ 3.1. ಜಿಮ್‌ನವರೊಬ್ಬರು "ನಲವತ್ತಾದ ಮೇಲೆ ಮೆಟಬಾಲಿಸಂ ಸ್ಲೋ ಆಗುತ್ತೆ, ಈ ಪೌಡರ್ ತಗೊಳ್ಳಿ" ಅಂದರು. ಅತ್ತೆಯವರು "ಆಫೀಸಿನಾಗ ಏನೇನ್ ತಿಂತಾಳೋ ಯಾರಿಗ್ ಗೊತ್ತು" ಅಂತಾರೆ. ನನ್ನ ಮೈಯೇ ಹೀಗಾ? ಥೈರಾಯ್ಡ್ ಮತ್ತೆ ಮಾಡಿಸಲಾ? ಪೌಡರ್ ತಗೊಳ್ಳಲಾ? 16 ತಾಸು ಉಪವಾಸ ಇರೋದು ಒಳ್ಳೇದಾ?

ಉತ್ತರ: ಪ್ರಶ್ನೆ ನಾಲ್ಕು ಕೇಳಿದ್ದೀರಿ, ಆದರೆ ಒಳಗಿರುವ ಸಂಕಟ ಒಂದೇ ಅಲ್ವಾ? "ನಾನು ಜಾಸ್ತಿ ತಿನ್ನಲ್ಲ, ಆದರೂ ಎಲ್ಲರ ಕಣ್ಣು ನನ್ನ ತಾಟಿನ ಮೇಲೆ." ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಮಾತನ್ನು ನಾನು ನಂಬುತ್ತೇನೆ. ಇವತ್ತಿನ ಮಟ್ಟಿಗೆ ನೀವೂ ನೆಗೆಣ್ಣಿಯೂ ಹೆಚ್ಚೂಕಡಿಮೆ ಒಂದೇ ಅಳತೆ ಉಣ್ಣುತ್ತಿರಬಹುದು. ಆದರೆ ಅವರ ಮೆಟಬಾಲಿಸಂ (ಮೈ ಶಕ್ತಿ ಉರಿಸುವ ವೇಗ) ಜೋರು, ನಿಮ್ಮದು ನಿಧಾನ ಅನ್ನುವ ಮಾತಿಗೆ ಲೆಕ್ಕ ಹೊಂದುವುದಿಲ್ಲ. ಲೆಕ್ಕ ಹಾಕಿದರೆ ಉಲ್ಟಾ ಬರುತ್ತದೆ.

ಹೇಗೆ ಅಂತ ನೋಡಿ. ಏನೂ ಮಾಡದೆ ಸುಮ್ನೆ ಮಲಗಿದ್ದರೂ ಮೈ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡ ಇವು ಒಂದು ಗಳಿಗೆ ಬಿಡುವಿಲ್ಲದೆ ದುಡಿಯುತ್ತವೆ. ಕೂತು ಕೆಲಸ ಮಾಡುವವರಲ್ಲಿ ದಿನದ ಒಟ್ಟು ಖರ್ಚಿನಲ್ಲಿ ನೂರಕ್ಕೆ 60ರಿಂದ 70 ಭಾಗ ಇದಕ್ಕೇ ಹೋಗುತ್ತದೆ. ತೂಕ, ಎತ್ತರ, ವಯಸ್ಸು, ಹೆಣ್ಣೋ ಗಂಡೋ ಅನ್ನುವುದರ ಮೇಲೆ ಇದನ್ನು ಅಂದಾಜು ಮಾಡಲು ನಾವು ಆಹಾರ ತಜ್ಞರು ಮಿಫ್ಲಿನ್ ಸೂತ್ರ ಬಳಸುತ್ತೇವೆ. ನಿಮ್ಮ ಅಂಕಿ ಹಾಕಿದರೆ ದಿನಕ್ಕೆ ಸುಮಾರು 1,300 ಕ್ಯಾಲೊರಿ. ನೆಗೆಣ್ಣಿಯದು ಸುಮಾರು 1,110. ಅಂದಾಜು ಅಂದಮೇಲೆ ನೂರು ಆಚೆ ಈಚೆ ಆಗಬಹುದು, ಆದರೂ ದಿಕ್ಕು ಮಾತ್ರ ಸ್ಪಷ್ಟ. ಸುಮ್ನೆ ಕೂತಾಗಲೂ ಅವರಿಗಿಂತ ನೀವೇ ಜಾಸ್ತಿ ಉರಿಸುತ್ತೀರಿ. ಇಂಜಿನ್ ಚಾಲೂ ಇಟ್ಟು ನಿಂತ ಲಾರಿ, ಹಾಗೇ ನಿಂತ ಸ್ಕೂಟರಿಗಿಂತ ಹೆಚ್ಚು ಎಣ್ಣೆ ಕುಡಿಯುವುದಿಲ್ಲವೇ? ದೊಡ್ಡ ಮೈಗೆ ಖರ್ಚೂ ದೊಡ್ಡದು.

"ಸಣ್ಣಗಿರುವವರ ಮೆಟಬಾಲಿಸಂ ಜೋರು" ಅನ್ನುವುದು ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನಂಬಿರುವ ಮಾತು. ಒಂದೇ ಅಳತೆಯ, ಒಂದೇ ವಯಸ್ಸಿನ ಇಬ್ಬರಲ್ಲಿ 100-200 ಕ್ಯಾಲೊರಿ ಹೆಚ್ಚು ಕಡಿಮೆ ಇರುವುದು ಸಹಜ, ಅದನ್ನು ಇಲ್ಲ ಅನ್ನಲಾರೆ. ಆದರೆ ಅಷ್ಟರಿಂದಲೇ 20 ಕೆ.ಜಿ. ಅಂತರ ಬರುವುದಿಲ್ಲ.

ನಲವತ್ತಕ್ಕೆ ಮೈ ನಿಧಾನವಾಗುತ್ತದಾ?

ಜಿಮ್‌ನವರು ಹೇಳಿದ್ದು ಮೊನ್ನೆಮೊನ್ನೆವರೆಗೆ ಪಠ್ಯಪುಸ್ತಕಗಳೂ ಹೇಳುತ್ತಿದ್ದ ಮಾತೇ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನ, ಎಂಟು ದಿನದ ಕೂಸಿನಿಂದ 95 ವರ್ಷದ ಹಿರಿಯರ ತನಕ. ಪ್ರತಿಯೊಬ್ಬರೂ ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದು, ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರು. 20ರಿಂದ 60 ವರ್ಷದವರೆಗೆ ಆ ಗೆರೆ ನೆಟ್ಟಗೆ ಒಂದೇ ಮಟ್ಟದಲ್ಲಿದೆ. ಇಳಿತ ಶುರುವಾಗುವುದು 60ರ ನಂತರ, ಅದೂ ವರ್ಷಕ್ಕೆ ಶೇಕಡಾ 0.7ರಷ್ಟು. ಗಂಡು-ಹೆಣ್ಣಿನ ನಡುವೆಯೂ, ಗಾತ್ರದ ಲೆಕ್ಕ ತೆಗೆದ ಮೇಲೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ನಲವತ್ತರ ಆಸುಪಾಸು ಎಲ್ಲರೂ ಯಾಕೆ ದಪ್ಪ ಆಗ್ತಾರೆ? ಬದಲಾಗುವುದು ಬದುಕು. ಬಡ್ತಿ ಸಿಗುತ್ತದೆ, ಕುರ್ಚಿ ಗಟ್ಟಿಯಾಗುತ್ತದೆ, ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದವರಿಗೆ ಸ್ಕೂಟಿ ಬರುತ್ತದೆ, ನಿದ್ದೆ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಂತೆ ಸೊಂಟ-ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ಇದು ಹಾರ್ಮೋನಿನ ಕೆಲಸ, ನಿಜ. ಆದರೆ ಕೊಬ್ಬು ಎಲ್ಲಿ ಕೂರಬೇಕು ಅನ್ನುವುದರಲ್ಲಿ ಅದರ ಕೈವಾಡ ಜಾಸ್ತಿ.

ಈಗ ನಿಮ್ಮದೇ ಅಂಕಿ ತಗೊಳ್ಳೋಣ. 17 ವರ್ಷದಲ್ಲಿ 52ರಿಂದ 71. ಅಂದರೆ 19 ಕೆ.ಜಿ., ವರ್ಷಕ್ಕೆ ಒಂದು ಕೆ.ಜಿ.ಗಿಂತ ಚೂರು ಹೆಚ್ಚು. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಭಾಗಿಸಿ ನೋಡಿದರೆ ಮೈಯಲ್ಲಿ ಮಿಕ್ಕಿ ಉಳಿದದ್ದು ಸರಾಸರಿ ದಿನಕ್ಕೆ 25 ಕ್ಯಾಲೊರಿಗಿಂತ ಕಡಿಮೆ! ಒಂದು ಚಮಚೆ ಸಕ್ಕರೆಯಷ್ಟು. ಇಷ್ಟು ಸಣ್ಣ ಅಂತರ ನಿಮ್ಮ ಕಣ್ಣಿಗೂ ಬೀಳಲ್ಲ, ಅತ್ತೆಯವರ ಕಣ್ಣಿಗೂ ಬೀಳಲ್ಲ. ಮೈ ದೊಡ್ಡದಾದಂತೆ ಖರ್ಚೂ ಏರುತ್ತದೆ. ಅದರ ಜೊತೆಗೆ ಊಟವೂ ಗೊತ್ತಿಲ್ಲದಂತೆ ಇಷ್ಟಿಷ್ಟೇ ಏರಿರುತ್ತದೆ, ಇಲ್ಲದಿದ್ದರೆ ತೂಕ ಎಲ್ಲೋ ಒಂದು ಕಡೆ ನಿಂತುಬಿಡುತ್ತಿತ್ತು. ಇದರಲ್ಲಿ ಆಸೆಬುರುಕತನ ಏನೂ ಇಲ್ಲ.

ನೆಗೆಣ್ಣಿಯ ದಿನ

ಅವರು ಒಳಗೆ ಕಡಿಮೆ ಉರಿಸಿಯೂ ಅಷ್ಟೇ ಉಂಡು 50ರಲ್ಲೇ ಇದ್ದಾರೆ ಅಂದರೆ ಎಲ್ಲೋ ಬೇರೆ ಕಡೆ ಖರ್ಚು ಆಗುತ್ತಿರಬೇಕು. ಎಲ್ಲಿ ಅನ್ನುವುದನ್ನು ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ: ರೊಟ್ಟಿ ಬಡಿದು ಖಾನಾವಳಿಗೆ ಕೊಡ್ತಾಳೆ.

ರೊಟ್ಟಿ ಬಡಿಯುವವರನ್ನು ಒಂದು ಗಂಟೆ ಸರಿಯಾಗಿ ಗಮನಿಸಿ. ಕುದಿಯುವ ನೀರು ಹಾಕಿ ಹಿಟ್ಟು ನಾದುವಾಗ ಭುಜದಿಂದ ಬಲ ಬೀಳಬೇಕು. ಬಡಿಯುವಾಗ ಎರಡೂ ಕೈ ಒಂದೇ ಸಮನೆ ಆಡುತ್ತವೆ. ಹಂಚಿಗೆ ಹಾಕು, ನೀರು ಸವರು, ತಿರುವಿ ಹಾಕು, ತೆಗೆದು ಬುಟ್ಟಿಗೆ ಒಗೆ. ನಡುವೆ ಹಿಟ್ಟು ತರಲು ಏಳು, ಬಾಗಿಲಲ್ಲಿ ಯಾರೋ ಕರೆದರೆ ಏಳು, ಹಾಲು ಉಕ್ಕಿತು ಏಳು. ಆಮೇಲೆ ಕಡಕ್ ರೊಟ್ಟಿ ಆರಿಸಲು ಮಾಳಿಗೆ ಹತ್ತು. ಇದನ್ನು ಯಾರೂ ವ್ಯಾಯಾಮ ಅನ್ನುವುದಿಲ್ಲ, ಅವರೂ ಅನ್ನಲಿಕ್ಕಿಲ್ಲ. ಆದರೆ ಕುರ್ಚಿಯ ಮೇಲೆ ಕೂತ ಒಂದು ಗಂಟೆಗೂ ಇಂಥ ಕೆಲಸದ ಒಂದು ಗಂಟೆಗೂ 50 ಕೆ.ಜಿ. ತೂಕದವರಲ್ಲಿ 60ರಿಂದ 80 ಕ್ಯಾಲೊರಿ ವ್ಯತ್ಯಾಸ. ನಾಲ್ಕು ಗಂಟೆಗೆ 240ರಿಂದ 320.

ನಿಮ್ಮ ವಾಕಿಂಗ್ ಪಕ್ಕದಲ್ಲಿಟ್ಟು ನೋಡಿ. 40 ನಿಮಿಷದಲ್ಲಿ ಸುಮಾರು 3 ಕಿ.ಮೀ. ಸುಮ್ನೆ ಕೂತಿದ್ದರೂ ಆಗುತ್ತಿದ್ದ ಖರ್ಚು ಕಳೆದರೆ, ನಡಿಗೆಯಿಂದ ನಿಮಗೆ ಹೆಚ್ಚುವರಿಯಾಗಿ ಸಿಗುವುದು 100 ಕ್ಯಾಲೊರಿ ಆಸುಪಾಸು. ವಾಕಿಂಗ್ ಮುಗಿಸಿ ಗೆಳತಿಯರ ಜೊತೆ ಒಂದು ಸಿಹಿ ಚಹಾ, ಒಂದು ಮಿರ್ಚಿ ಭಜಿ ಆಯಿತೋ, ಲೆಕ್ಕ ಚುಕ್ತಾ ಆಗಿ ಮೇಲೆ ಬಾಕಿಯೂ ಉಳಿಯುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಯಿಂದ ನಿಮ್ಮ ಭೀಷ್ಮ ಕೆರೆ ತನಕ ಬೆಳಗಿನ ಏಳೂವರೆಗೆ ಚಹಾದಂಗಡಿ ಮುಂದೆ ನಿಲ್ಲುವ ಸ್ಪೋರ್ಟ್ಸ್ ಶೂಗಳನ್ನು ಎಣಿಸಿದರೆ ನನ್ನ ಮಾತು ಗೊತ್ತಾಗುತ್ತದೆ. ಇನ್ನೊಂದು ಮಾತೂ ಉಂಟು. ಬೆಳಿಗ್ಗೆ ವ್ಯಾಯಾಮ ಮಾಡಿದವರಲ್ಲಿ ಕೆಲವರು ಉಳಿದ ದಿನ ಗೊತ್ತಿಲ್ಲದೇ ಜಾಸ್ತಿ ಕೂರುತ್ತಾರೆ. "ಇವತ್ತು ವಾಕಿಂಗ್ ಆಗಿದೆ" ಅಂತ ಲಿಫ್ಟ್ ಹತ್ತುತ್ತಾರೆ, ಫೈಲನ್ನು ಜವಾನರ ಕೈಗೆ ಕೊಡುತ್ತಾರೆ.

ಈ ಲೆಕ್ಕಕ್ಕೆ ಬಾರದ ಚಲನೆಯ ಮೇಲೆ 1999ರಲ್ಲಿ ವರದಿಯಾದ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ನಡೆದ ಪ್ರಯೋಗವೊಂದು ನನಗೆ ಬಹಳ ಇಷ್ಟ. 16 ಜನರಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ಎಲ್ಲರಿಗೂ ಒಂದೇ ಹೆಚ್ಚುವರಿ. ಆದರೆ ಒಬ್ಬರಿಗೆ ಸೇರಿದ ಕೊಬ್ಬು ಅರ್ಧ ಕೆ.ಜಿ.ಯೂ ಇಲ್ಲ, ಇನ್ನೊಬ್ಬರಿಗೆ ನಾಲ್ಕು ಕೆ.ಜಿ.ಗಿಂತ ಹೆಚ್ಚು. ಕೊಬ್ಬು ಸೇರದವರು ಮಾಡಿದ್ದೇನು? ಅವರಿಗೇ ಗೊತ್ತಿಲ್ಲದೆ ಎದ್ದು ಓಡಾಡಿದರು, ಕಾಲು ಅಲ್ಲಾಡಿಸಿದರು, ನಿಂತರು, ಕೂತ ಭಂಗಿ ಬದಲಿಸಿದರು. ಹೀಗೆ ಚಡಪಡಿಸುವ ಸ್ವಭಾವ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ.

ಹಾಗಂತ ಎಲ್ಲವೂ ನಮ್ಮ ಕೈಯಲ್ಲೇ ಇದೆ ಅಂದರೆ ಅದೂ ತಪ್ಪು. 1990ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 12 ಜೋಡಿ ತದ್ರೂಪಿ ಅವಳಿಗಳಿಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಒಂದೇ ಅಳತೆಯಲ್ಲಿ ಜಾಸ್ತಿ ಊಟ ಹಾಕಿದರು. ಕೆಲವರು 4 ಕೆ.ಜಿ. ಏರಿದರು, ಕೆಲವರು 13. ಆದರೆ ಒಂದೇ ಜೋಡಿಯ ಇಬ್ಬರೂ ಹೆಚ್ಚೂಕಡಿಮೆ ಒಂದೇ ಅಷ್ಟು ಏರಿದರು. ರಕ್ತದಲ್ಲಿ ಬಂದದ್ದು ಕೆಲಸ ಮಾಡುತ್ತದೆ. ನೀವು ಮತ್ತು ನೆಗೆಣ್ಣಿ ಒಂದೇ ಮನೆಗೆ ಸೊಸೆಯಂದಿರು ಅಷ್ಟೇ, ಒಂದೇ ರಕ್ತದವರಲ್ಲ. ನಿಮ್ಮ ಮೈಯನ್ನು ಹೋಲಿಸುವುದಾದರೆ ನಿಮ್ಮ ತವರಿನ ಅವ್ವ, ಅಕ್ಕ-ತಂಗಿಯರ ಜೊತೆ ಹೋಲಿಸಿ.

ಹುಟ್ಟಿನಿಂದ ಬರುವುದರಲ್ಲಿ ದೊಡ್ಡ ಪಾಲು ಯಾವುದು ಗೊತ್ತಾ? ಹಸಿವು. ತೂಕದ ಜೊತೆ ತಳುಕು ಹಾಕಿಕೊಂಡ ಜೀನುಗಳಲ್ಲಿ ಎಫ್‌ಟಿಒ ಅನ್ನುವುದು ಹೆಸರುವಾಸಿ. ಅದರ ಒಂದು ರೂಪ ತಂದೆ-ತಾಯಿ ಇಬ್ಬರಿಂದಲೂ ಬಂದವರು ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಾರೆ. ಆದರೆ ಅವರ ಮೈ ನಿಧಾನವಾಗಿ ಉರಿಸುವುದಿಲ್ಲ. ಹೊಟ್ಟೆ ತುಂಬಿತು ಅನ್ನುವ ಸಂದೇಶ ಅವರಿಗೆ ತಡವಾಗಿ ಮುಟ್ಟುತ್ತದೆ. ಎರಡನೇ ರೊಟ್ಟಿಗೆ "ಸಾಕು" ಅನ್ನಿಸುವವರಿಗೂ, ಎರಡನೇ ರೊಟ್ಟಿ ಮುಗಿದ ಮೇಲೂ ಬಾಯಿ ಇನ್ನಷ್ಟು ಕೇಳುವವರಿಗೂ ಒಂದೇ ಉಪದೇಶ ಮಾಡಿ ಪ್ರಯೋಜನವಿಲ್ಲ. ನಿಮ್ಮ ಪತ್ರ ಓದಿದಾಗ ನೀವು ಹಸಿವು ಹಿಡಿದಿಟ್ಟುಕೊಂಡು ದಿನ ಕಳೆಯುತ್ತಿರುವಂತೆ ನನಗೆ ಅನ್ನಿಸಿತು. ನೆಗೆಣ್ಣಿಗೆ ಆ ಕಷ್ಟವೇ ಇಲ್ಲದಿರಬಹುದು.

ತಾಟಿಗೆ ಬಾರದ ಊಟ

ಅತ್ತೆಯವರ ಚುಚ್ಚುಮಾತು ಬಿಡಿ. ಆದರೆ ತಾಟಿನ ಹೊರಗೆ ತಿನ್ನುವುದನ್ನು ನಾವೆಲ್ಲರೂ ಕಡಿಮೆ ಎಣಿಸುತ್ತೇವೆ ಅನ್ನುವುದಂತೂ ಸತ್ಯ. 1992ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನದಲ್ಲಿ "ಎಷ್ಟು ಪಥ್ಯ ಮಾಡಿದರೂ ಇಳಿಯುತ್ತಿಲ್ಲ" ಅನ್ನುವವರನ್ನೇ ಆರಿಸಿ ಅಳೆದು ನೋಡಿದರು. ಅವರ ಮೆಟಬಾಲಿಸಂ ಸರಿಯಾಗೇ ಇತ್ತು. ತಿಂದದ್ದನ್ನು ಅವರು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು, ಓಡಾಟವನ್ನು 51 ಶೇಕಡಾ ಹೆಚ್ಚು ಹೇಳಿದ್ದರು. ಬೇಕಂತಲೇ ಸುಳ್ಳು ಹೇಳಿದವರು ಅಂತ ನಾನು ಇದನ್ನು ಓದುವುದಿಲ್ಲ. ಮನುಷ್ಯರ ನೆನಪೇ ಹಾಗೆ. ನಾನು ಆಹಾರ ತಜ್ಞೆ. ನನ್ನ ದಿನಚರಿಯನ್ನು ಬಾಯಿಲೆಕ್ಕದಲ್ಲಿ ಕೇಳಿದರೆ ನಾನೂ ಕಡಿಮೆಯೇ ಹೇಳುತ್ತೇನೆ.

ನಮ್ಮ ಕಡೆ ಈ ಲೆಕ್ಕ ತಪ್ಪುವ ಜಾಗಗಳು ನನಗೆ ಬಾಯಿಪಾಠ. ಮೊದಲನೆಯದು ಚಹಾ. ಕಚೇರಿಯಲ್ಲಿ ಸಾಹೇಬರು ಕರೆದರೆ ಚಹಾ, ಯಾರೋ ಬಂದರೆ ಚಹಾ, ಬೇಜಾರಾದರೆ ಚಹಾ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚೆ ಸಕ್ಕರೆ ಅಂದರೆ 50 ಗ್ರಾಂ. ಬರೀ ಸಕ್ಕರೆಯಿಂದಲೇ 200 ಕ್ಯಾಲೊರಿ. ಅಂದರೆ ನಿಮ್ಮ ವಾಕಿಂಗಿನ ಎರಡರಷ್ಟು, ಹಾಲಿನ ಲೆಕ್ಕ ಬೇರೆ.

ಎರಡನೆಯದು ಎಣ್ಣೆ. ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ ಅಂತ ನೋಡಿ, ಏಳರಿಂದ ಭಾಗಿಸಿ. ಏಳು ಲೀಟರ್ ಆದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ. ಎಣ್ಣೆಗಾಯಿ ಪಲ್ಯದ ಮೇಲೆ ತೇಲುವ ಎಣ್ಣೆಯನ್ನು ರೊಟ್ಟಿಯಿಂದ ಒರೆಸಿ ತಿನ್ನುವವರಿಗೂ, ಬದನೆಕಾಯಿ ಮಾತ್ರ ಎತ್ತಿ ತಿನ್ನುವವರಿಗೂ ತಾಟು ಒಂದೇ, ಲೆಕ್ಕ ಬೇರೆ.

ಶೇಂಗಾ ಹಿಂಡಿ, ಗಿರ್ಮಿಟ್ಟು, ಚೂಡಾ. ಶೇಂಗಾ ಒಳ್ಳೆಯ ಆಹಾರ, ಅದನ್ನು ಬಿಡಿ ಅಂತ ಗದಗದವರಿಗೆ ಹೇಳಿದರೆ ನನ್ನ ಮಾತು ಯಾರೂ ಕೇಳಲಿಕ್ಕಿಲ್ಲ. ಆದರೆ ಒಂದು ಹಿಡಿ, 30 ಗ್ರಾಂ, ಅಂದರೆ 170 ಕ್ಯಾಲೊರಿ. ಮಾತಾಡುತ್ತಾ ಮೂರು ಹಿಡಿ ಖಾಲಿಯಾಗುತ್ತದೆ. ನಾಗರ ಪಂಚಮಿ ಬಂತೋ, ಉಂಡಿ ಡಬ್ಬಿ ಮುಗಿಯುವ ತನಕ ಮೂರು ವಾರ ಹಬ್ಬ. ಮತ್ತೆ ಮಕ್ಕಳ ತಾಟಿನಲ್ಲಿ ಉಳಿದ ತುತ್ತು, "ಚೆಲ್ಲಬಾರದು" ಅಂತ ಬಾಯಿಗೆ ಹಾಕಿಕೊಂಡ ಅನ್ನ. ಇವಕ್ಕೆಲ್ಲ ನಿಮ್ಮ ಪತ್ರದಲ್ಲಿ ಜಾಗವೇ ಇಲ್ಲ. ನೆಗೆಣ್ಣಿ ನಿಮ್ಮ ಕಣ್ಣೆದುರೇ ಉಂಡಿ ತಿನ್ನುತ್ತಾರೆ, ಅದು ನಿಮಗೆ ಕಾಣುತ್ತದೆ. ಆ ಉಂಡಿಯಾದ ಮೇಲೆ ರಾತ್ರಿ ಅವರು ಅರ್ಧ ರೊಟ್ಟಿಗೇ ಎದ್ದುಬಿಡುತ್ತಾರಾ ಅಂತ ನೋಡಿದ್ದೀರಾ? ಸಣ್ಣಗಿರುವ ಅನೇಕರು ಮಾಡುವುದು ಅದನ್ನೇ.

ರೊಟ್ಟಿ ಬಿಟ್ಟು ಚಪಾತಿಗೆ ಹೋದದ್ದು ದಂಡ. ನೂರು ಗ್ರಾಂ ಜೋಳದ ಹಿಟ್ಟಿಗೂ ಗೋಧಿ ಹಿಟ್ಟಿಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ರೊಟ್ಟಿಗೆ ಎಣ್ಣೆ ಬೇಡ, ಚಪಾತಿಗೆ ಬೇಕು. ವಾಪಸ್ ರೊಟ್ಟಿಗೆ ಬನ್ನಿ. ಜೀರಿಗೆ ನೀರಿನಿಂದ ಕೊಬ್ಬು ಕರಗುವುದಿಲ್ಲ, ಕುಡಿದರೆ ತೊಂದರೆಯೂ ಇಲ್ಲ. ಜೇನು-ಲಿಂಬೆಯಲ್ಲಿ ದೊಡ್ಡ ಚಮಚೆ ಜೇನಿಗೆ 60 ಕ್ಯಾಲೊರಿ, ಅದು ಸಕ್ಕರೆಯ ಇನ್ನೊಂದು ರೂಪ ಅಷ್ಟೇ. ರಾತ್ರಿ ಅನ್ನ ತಿಂದರೆ ದಪ್ಪ ಆಗ್ತಾರೆ ಅನ್ನುವುದೂ ಹೀಗೇ. ದಿನದ ಒಟ್ಟು ಲೆಕ್ಕದಲ್ಲಿ ಅದೂ ಒಂದು ಸಾಲು.

ಮುಂದೆ ಏನು ಮಾಡಬಹುದು

ಥೈರಾಯ್ಡ್ ಮತ್ತೆ ಮಾಡಿಸಬೇಡಿ, ಸದ್ಯಕ್ಕೆ ಬೇಕಿಲ್ಲ. 3.1 ನಾರ್ಮಲ್ಲೇ. ಥೈರಾಯ್ಡ್ ನಿಜವಾಗಿ ಕಡಿಮೆ ಇದ್ದವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ., ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ನಾರ್ಮಲ್ ಇದ್ದವರು ತೂಕ ಇಳಿಸಲು ಥೈರಾಯ್ಡ್ ಮಾತ್ರೆ ನುಂಗಿದರೆ ಎದೆಬಡಿತ ತಪ್ಪಬಹುದು, ಮೂಳೆ ಸವೆಯಬಹುದು. ಅದರ ಬದಲು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಬಿಪಿ ನೋಡಿಸಿ. ದೇಶದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಶುಗರ್-ಬಿಪಿ ತಪಾಸಣೆಯ ಕಾರ್ಯಕ್ರಮವೇ ಇದೆ. ಬೇರೆ ಯಾವುದಾದರೂ ಮಾತ್ರೆ ನಡೆಯುತ್ತಿದೆಯಾ ಅಂತ ನೀವು ಬರೆದಿಲ್ಲ. ಸ್ಟಿರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಔಷಧ, ಕೆಲವು ಶುಗರ್ ಮಾತ್ರೆ, ಇನ್ಸುಲಿನ್ ಇವುಗಳಿಂದ ತೂಕ ಏರುತ್ತದೆ. ಇದ್ದರೆ ಬರೆದುಕೊಟ್ಟ ಡಾಕ್ಟರಿಗೆ ಕೇಳಿ, ನೀವೇ ನಿಲ್ಲಿಸಬೇಡಿ.

ಊಟದಲ್ಲಿ ನಾನು ಮೊದಲು ಕೈ ಹಾಕುವುದು ಚಹಾ ಮತ್ತು ಎಣ್ಣೆಗೆ. ಐದು ಚಹಾ ಮೂರಾಗಲಿ, ಸಕ್ಕರೆ ಅರ್ಧವಾಗಲಿ. ನಾಲಿಗೆಗೆ ಎರಡು ಮೂರು ವಾರ ಬೇಜಾರು, ಆಮೇಲೆ ರೂಢಿ. ಎಣ್ಣೆ ಮನೆಗೆಲ್ಲ ಸೇರಿ ಕಡಿಮೆಯಾದರೆ ಎಲ್ಲರಿಗೂ ಒಳ್ಳೆಯದು, ಆದರೆ ಕೂಡು ಕುಟುಂಬದಲ್ಲಿ ಒಬ್ಬ ಸೊಸೆ ಹೋಗಿ ಒಗ್ಗರಣೆ ಕಡಿಮೆ ಮಾಡಿ ಅಂದರೆ ಜಗಳ ಖಾತ್ರಿ. ಮಾತಾಡುವ ಗೋಜಿಗೇ ಹೋಗಬೇಡಿ. ತಿಂಗಳಿಗೆ ತರುವ ಕ್ಯಾನಿನಲ್ಲಿ ಒಂದು ಲೀಟರ್ ಕಡಿಮೆ ತನ್ನಿ, ಅಡುಗೆ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ.

ಹಸಿವಿನ ಸಮಸ್ಯೆಗೆ ಕಾಳು ಬೇಕು. ಕಾಳಿನಲ್ಲಿರುವ ಪ್ರೋಟೀನ್ ಅರಗಿಸಲು ಮೈ ಅದರ ಶಕ್ತಿಯಲ್ಲೇ ನೂರಕ್ಕೆ 20-30 ಭಾಗ ಖರ್ಚು ಮಾಡುತ್ತದೆ, ಎಣ್ಣೆಗೆ ಮೂರು ಭಾಗವೂ ಇಲ್ಲ. ಅದಕ್ಕಿಂತ ಮುಖ್ಯ, ಹೊಟ್ಟೆ ಬೇಗ ತುಂಬಿ ಬಹಳ ಹೊತ್ತು ಹಾಗೇ ಇರುತ್ತದೆ. ಎರಡು ರೊಟ್ಟಿ ಹಾಗೇ ಇರಲಿ. ಅದರ ಜೊತೆ ಮಡಿಕೆಕಾಳೋ ಹೆಸರುಕಾಳೋ ಪಲ್ಯ ದೊಡ್ಡ ಬಟ್ಟಲು, ಹಸಿ ಸೌತೆ, ಮೂಲಂಗಿ, ಮೆಂತ್ಯೆ ಸೊಪ್ಪು, ಮೊಸರು. ಝುಣಕ ಆದರೂ ಆಗಲಿ, ಎಣ್ಣೆ ಹಿಡಿತದಲ್ಲಿರಲಿ. ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ. ಹೀಗೆ ಉಂಡರೆ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ. ಸಂಜೆ ಐದಕ್ಕೆ ಗಿರ್ಮಿಟ್ಟಿನ ಸೆಳೆತವೂ ಇಳಿಯುತ್ತದೆ.

ಇಷ್ಟರಿಂದ ಎಷ್ಟು ಇಳಿಯಬಹುದು? ನಾವು ಬಳಸುವ ಒಂದು ಒರಟು ಲೆಕ್ಕ ಹೀಗಿದೆ: ದಿನಕ್ಕೆ ಖಾಯಂ ಆಗಿ 24 ಕ್ಯಾಲೊರಿ ಕಡಿಮೆಯಾದರೆ ಕೊನೆಗೆ ಸುಮಾರು ಒಂದು ಕೆ.ಜಿ. ಇಳಿಯುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷ, ಉಳಿದದ್ದು ಹೆಚ್ಚೂಕಡಿಮೆ ಮೂರು ವರ್ಷಕ್ಕೆ. ಅಂದರೆ ದಿನಕ್ಕೆ 250 ಕಡಿಮೆ ಮಾಡಿದರೆ ಮೊದಲ ವರ್ಷ 5 ಕೆ.ಜಿ. "ಅಷ್ಟೇನಾ?" ಅನ್ನಬೇಡಿ. ನಿಮಗೆ ಮೂರೂವರೆ ಕೆ.ಜಿ. ಇಳಿದರೇ ಶುಗರ್, ಬಿಪಿ, ಮೊಣಕಾಲು ಎಲ್ಲಕ್ಕೂ ಗುಣ ಕಾಣುತ್ತದೆ.

ಬೇಗ ಇಳಿಸುವವರ ಕಥೆಯೂ ಕೇಳಿ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಕೆಲವೇ ತಿಂಗಳಲ್ಲಿ ರಾಶಿ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಹೆಚ್ಚಿನವರ ತೂಕ ವಾಪಸ್ ಏರಿತ್ತು. ಸುಮ್ನೆ ಕೂತಾಗಿನ ಖರ್ಚು ಮಾತ್ರ ಅವರ ಮೈಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ಮೆಟಬಾಲಿಸಂ ನಿಜವಾಗಿ ಕುಗ್ಗುವುದು ಹೀಗೆ ಮೈಯನ್ನು ಹೆದರಿಸಿದಾಗ. ಅದರ ಮೇಲೆ ಕೂದಲು ಉದುರುವುದು, ಪಿತ್ತಕೋಶದ ಕಲ್ಲು.

16 ತಾಸಿನ ಉಪವಾಸ ಕೆಲವರಿಗೆ ಹೊಂದುತ್ತದೆ. ರಾತ್ರಿ ಹತ್ತಕ್ಕೆ ಟಿವಿ ಮುಂದೆ ಚೂಡಾ ತಿನ್ನುವವರಿಗೆ ಅದೊಂದು ಬೇಲಿ. ಆದರೆ ಅದರಲ್ಲಿ ಮಾಯವೇನಿಲ್ಲ. 2022ರಲ್ಲಿ ವರದಿಯಾದ, ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ, ಕ್ಯಾಲೊರಿ ಕಡಿಮೆ ಮಾಡಿದವರಿಗೂ, ಅದರ ಜೊತೆ ಎಂಟು ತಾಸಿನೊಳಗೇ ಉಂಡವರಿಗೂ ಲೆಕ್ಕಕ್ಕೆ ಸಿಗುವ ವ್ಯತ್ಯಾಸ ಬರಲಿಲ್ಲ. ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮಾಡಿದರೆ ಶುಗರ್ ಏಕಾಏಕಿ ಇಳಿದು ತಲೆ ಸುತ್ತಿ ಬೀಳಬಹುದು. ನಿಮ್ಮಂತೆ ಬೆಳಗಿನ ಜಾವ ಎದ್ದು, ನಡೆದು, ಕಚೇರಿಗೆ ಓಡುವವರು ಮಧ್ಯಾಹ್ನದ ತನಕ ಬರೀ ಚಹಾದ ಮೇಲೆ ಇದ್ದರೆ ಎದೆಯುರಿ ಬರುತ್ತದೆ, ಸಂಜೆಗೆ ಕೈ ಹಿಡಿತ ತಪ್ಪುತ್ತದೆ. ನಾನಾದರೆ ನಿಮಗೆ ಇದನ್ನು ಹೇಳುವುದಿಲ್ಲ.

ಪೌಡರ್ ಬೇಡವೇ ಬೇಡ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಫೀನ್, ಗ್ರೀನ್ ಟೀ ಸತ್ವ, ಇಲ್ಲವೇ ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ ಹಣ್ಣಿನ ಸತ್ವ. ಉಪ್ಪಾಗೆ ಸಾರಿನಲ್ಲಿ ಸರಿ. ಅದನ್ನೇ ಗಟ್ಟಿ ಮಾಡಿ ಮಾತ್ರೆಯಾಗಿ ನುಂಗಿದ ಕೆಲವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ. ಹೃದಯಕ್ಕೆ ಅಪಾಯ ಅಂತ 2010-11ರಲ್ಲಿ ಭಾರತವೂ ಸೇರಿ ಹಲವು ದೇಶಗಳು ತೆಗೆದುಹಾಕಿದ ಸಿಬುಟ್ರಮಿನ್ ಅನ್ನುವ ಔಷಧವನ್ನು "ಗಿಡಮೂಲಿಕೆ" ಅಂತ ಮಾರುವ ಡಬ್ಬಿಗಳಲ್ಲಿ ಕದ್ದು ಬೆರೆಸಿದ್ದೂ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ.

ಈಗ ಎಲ್ಲರೂ ಕೇಳುವ ವಾರಕ್ಕೊಂದು ಇಂಜೆಕ್ಷನ್ ಬಗ್ಗೆ ಎರಡು ಮಾತು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇವು ಮುಖ್ಯವಾಗಿ ಹಸಿವನ್ನು ತಗ್ಗಿಸಿ ಕೆಲಸ ಮಾಡುತ್ತವೆ. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸುಮಾರು ಒಂದೂಕಾಲು ವರ್ಷದಲ್ಲಿ ಸರಾಸರಿ 15 ಶೇಕಡಾ ತೂಕ ಇಳಿದಿದೆ. ನಿಲ್ಲಿಸಿದ ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿದೆ. ವಾಂತಿ, ಹೊಟ್ಟೆ ತೊಳಸುವುದು ಸಾಮಾನ್ಯ. ಪಿತ್ತಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ, ಆದರೆ ಉಂಟು. ಮೆಡಿಕಲ್ ಅಂಗಡಿಯವರು ಕೊಡಬಹುದಾದ ಸಲಹೆ ಇದಲ್ಲ, ತಜ್ಞ ವೈದ್ಯರೇ ನೋಡಬೇಕು. ನಿಮ್ಮ ಶುಗರ್ ರಿಪೋರ್ಟ್ ನೋಡದೆ ಅದರ ಮಾತು ಬೇಡ.

ವಾಕಿಂಗ್ ಬಿಡಬೇಡಿ. ತೂಕಕ್ಕೆ ಅದು ಕೊಡುವುದು ಕಡಿಮೆ, ಶುಗರ್‌ಗೆ, ಬಿಪಿಗೆ, ನಿದ್ದೆಗೆ ಕೊಡುವುದು ಬಹಳ. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದರಲ್ಲೂ ಅದರ ಪಾಲು ದೊಡ್ಡದು. ಅದರ ಜೊತೆ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಸೇರಿಸಿ. ಜಿಮ್ಮೇ ಆಗಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಕೊಟ್ಟು ದಂಡ ಹತ್ತು ಸಲ, ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ತಲೆಯ ಮೇಲೆ ಎತ್ತುವುದು. ಇದನ್ನೇ ಮೂರು ಸುತ್ತು. "ಸ್ನಾಯು ಬೆಳೆಸಿದರೆ ಮಲಗಿದಾಗಲೂ ಕೊಬ್ಬು ಕರಗುತ್ತೆ" ಅನ್ನುವ ಜಾಹೀರಾತು ನಂಬಬೇಡಿ. ಒಂದು ಕೆ.ಜಿ. ಸ್ನಾಯು ದಿನಕ್ಕೆ ಉರಿಸುವುದು 13 ಕ್ಯಾಲೊರಿ ಅಷ್ಟೇ. ಲಾಭ ಬೇರೆ ಕಡೆ ಇದೆ: ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದು ಸ್ನಾಯು, ಮುಟ್ಟು ನಿಂತ ಮೇಲೆ ಮೂಳೆಯನ್ನು ಕಾಯುವುದು ಸ್ನಾಯು, ತೂಕ ಇಳಿಯುವಾಗ ಕೊಬ್ಬಿನ ಜೊತೆ ತಾನೂ ಕರಗಿ ಹೋಗುವುದೂ ಅದೇ. ಮೊಣಕಾಲು ನೋಯುತ್ತಿದ್ದರೆ ಮೆಟ್ಟಿಲು ಹತ್ತಿಳಿಯುವುದು, ಹಗ್ಗ ಜಿಗಿಯುವುದು ಸದ್ಯಕ್ಕೆ ಬೇಡ.

ಇನ್ನು ಕಚೇರಿ. ಎಂಟು ತಾಸಿನ ಕುರ್ಚಿಯನ್ನು 40 ನಿಮಿಷದ ವಾಕಿಂಗ್ ಸರಿದೂಗಿಸಲ್ಲ. ಫೋನ್ ಬಂದರೆ ನಿಂತು ಮಾತಾಡಿ. ಫೈಲನ್ನು ನೀವೇ ತಗೊಂಡು ಹೋಗಿ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಹತ್ತು ನಿಮಿಷ ಆವರಣದಲ್ಲಿ ಸುತ್ತಿ, ಊಟದ ನಂತರ ಏರುವ ಶುಗರ್ ಇದರಿಂದ ತಗ್ಗುತ್ತದೆ. ಭಾನುವಾರ ಹಿಟ್ಟು ನಾದುವ ಸರದಿ ನೀವು ತಗೊಳ್ಳಿ. ನೆಗೆಣ್ಣಿಗೂ ಒಂದು ದಿನ ರಜಾ ಸಿಗಲಿ.

ತೂಕ ವಾರಕ್ಕೊಮ್ಮೆ ನೋಡಿ ಸಾಕು, ಬೆಳಿಗ್ಗೆ ಶೌಚವಾದ ಮೇಲೆ, ಒಂದೇ ತಕ್ಕಡಿಯಲ್ಲಿ. ಉಪ್ಪು, ಮುಟ್ಟಿನ ದಿನಗಳಿಂದಲೇ ಒಂದೆರಡು ಕೆ.ಜಿ. ಆಚೆ ಈಚೆ ಆಗುತ್ತದೆ. ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟ ಅಳೆಯಿರಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದರೆ ಎಚ್ಚರಿಕೆ ಬೇಕು.

ಆ ಟೇಪನ್ನು ನೆಗೆಣ್ಣಿಗೂ ಹಿಡಿಯಿರಿ. 50 ಕೆ.ಜಿ. ಇದ್ದಮಾತ್ರಕ್ಕೆ ಒಳಗೆಲ್ಲ ಚೆನ್ನಾಗಿದೆ ಅಂತಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ 'ಲ್ಯಾನ್ಸೆಟ್'ನಲ್ಲಿ ಹಾಕಿದ್ದರು. ಇಬ್ಬರ ಬಿಎಂಐಯೂ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3, ನೋಡಲು ಇಬ್ಬರೂ ತೆಳ್ಳಗೆ. ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರದು 9.1 ಶೇಕಡಾ, ಯಾಜ್ಞಿಕ್ ಅವರದು 21.2. ನಮ್ಮ ಜನರ ಮೈ ಹೀಗೆ, ಹೊರಗೆ ಸಣ್ಣಗೆ ಕಂಡರೂ ಒಳಗೆ ಕೊಬ್ಬು ಕೂಡಿಡುತ್ತದೆ. ಅದಕ್ಕೇ ನಮ್ಮಲ್ಲಿ ಬಿಎಂಐ 23ಕ್ಕೇ ಹೆಚ್ಚು ತೂಕ ಅನ್ನುತ್ತೇವೆ, 25ಕ್ಕೆ ಬೊಜ್ಜು. ನಿಮ್ಮದು ಈಗ 30ರ ಹತ್ತಿರ. ಅವರಿಗೂ 38 ಆಗಿದೆ. ಶುಗರ್ ಪರೀಕ್ಷೆಗೆ ಹೋಗುವಾಗ ಇಬ್ಬರೂ ಜೊತೆಗೇ ಹೋಗಿ ಬನ್ನಿ.

ಮೂರು ತಿಂಗಳು ಹೀಗೆ ಮಾಡಿಯೂ ಸೊಂಟದ ಅಳತೆ ಚೂರೂ ಕದಲದಿದ್ದರೆ, ಅಥವಾ ಇದರ ನಡುವೆ ಮುಟ್ಟು ತಪ್ಪುವುದು, ಮುಖ-ಕಾಲು ಬಾವು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ, ರಾತ್ರಿ ಜೋರು ಗೊರಕೆಯೊಂದಿಗೆ ಉಸಿರು ಕಟ್ಟಿದಂತಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಫಿಸಿಶಿಯನ್ ಹತ್ತಿರ ಹೋಗಿ. ಹೋಗುವ ಮುಂಚೆ ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ, ಚಹಾ ಸಹಿತ, ತಿಂದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬರೆದಿಟ್ಟ ಪಟ್ಟಿಗಿಂತ ಆ ಫೋಟೋಗಳನ್ನು ನೋಡಿ ಸಲಹೆ ಕೊಡುವುದು ನಮಗೂ ಸುಲಭ.